ಮರಣ ಪರಿಹಾರ, ಅಂಗವಿಕಲರ ವೇತನ: ಕಾನೂನು ವಿದ್ಯಾರ್ಥಿಗಳು ನಮ್ಮ ಚರ್ಚ್‌ಗಳಿಗೂ ಬರಲಿ

2023ರ ಮಳೆಗಾಲದ ಒಂದು ಸಂಜೆ ಮೀನುಗಾರರೊಬ್ಬರ ವಿಧವೆ ನಮ್ಮ ಚರ್ಚ್ ಕಚೇರಿಗೆ ಬಂದರು. ಮಗಳ ಕಾಲೇಜು ಶುಲ್ಕಕ್ಕೆ ಸಹಾಯ ಕೇಳಲು ಬಂದಿದ್ದರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಚೀಲದ ತುಂಬ ಕಾಗದ. ಎರಡು ವರ್ಷಗಳ ಹಿಂದೆ, 2021ರ ಆಗಸ್ಟ್‌ನಲ್ಲಿ, ಅವರ ಗಂಡ ಧಕ್ಕೆಯಲ್ಲಿ ಬೋಟಿನಿಂದ ಬೋಟಿಗೆ ದಾಟುವಾಗ ಕಾಲು ಜಾರಿ ನೀರಿಗೆ ಬಿದ್ದು ತೀರಿಕೊಂಡಿದ್ದರು. "ಫಾದರ್, ಇದರಲ್ಲಿ ಏನಾದ್ರೂ ಉಂಟಾ ನೋಡಿ" ಎಂದು ಚೀಲವನ್ನು ಮೇಜಿನ ಮೇಲೆ ಇಟ್ಟರು. ನಾವು ನೋಡಿದೆವು. ನಮಗೆ ಏನೂ ಕಾಣಲಿಲ್ಲ.

ಅಂದು ಅದೇ ವಾಳೆಯ ಗುರಿಕಾರರ ಮಗಳು ಕಚೇರಿಯಲ್ಲಿದ್ದಳು. ಐದು ವರ್ಷಗಳ ಕಾನೂನು ಪದವಿಯ ನಾಲ್ಕನೇ ವರ್ಷದಲ್ಲಿ ಓದುತ್ತಿದ್ದ ಹುಡುಗಿ, ರಜೆಯಲ್ಲಿ ಊರಿಗೆ ಬಂದಿದ್ದಳು. ಅವಳು ಗಂಡನ ಬ್ಯಾಂಕ್ ಪಾಸ್‌ಬುಕ್ ತೆಗೆದು ಒಂದೊಂದೇ ಸಾಲು ಓದಿದಳು. 2021ರ ಮೇ ತಿಂಗಳ ಕೊನೆಯಲ್ಲಿ 12 ರೂಪಾಯಿ ಕಡಿತವಾಗಿತ್ತು. ಅದು ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯ ಆಗಿನ ವಾರ್ಷಿಕ ಕಂತು. "ಆಂಟಿ, ಇವರಿಗೆ ಅಪಘಾತ ವಿಮೆ ಇತ್ತು. ಎರಡು ಲಕ್ಷ ಬರಬೇಕಿತ್ತು" ಎಂದಳು. ಆ ತಾಯಿ ಒಂದು ಮಾತೂ ಆಡಲಿಲ್ಲ. ಎರಡು ವರ್ಷ ಆ ಪಾಸ್‌ಬುಕ್ ಅವರ ಕಪಾಟಿನಲ್ಲೇ ಇತ್ತು.

ಬ್ಯಾಂಕಿನಲ್ಲಿ ಮೊದಲು "ಅವಧಿ ಮುಗಿದಿದೆ" ಎಂಬ ಉತ್ತರ ಬಂತು. ವಿದ್ಯಾರ್ಥಿನಿ ಬಿಡಲಿಲ್ಲ. ತಡವಾಯಿತು ಎಂಬ ಒಂದೇ ಕಾರಣಕ್ಕೆ ನಿಜವಾದ ಕ್ಲೇಮನ್ನು ತಳ್ಳಿಹಾಕಬಾರದು ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2011ರ ಸೆಪ್ಟೆಂಬರ್‌ನಲ್ಲೇ ಎಲ್ಲಾ ವಿಮಾ ಸಂಸ್ಥೆಗಳಿಗೆ ಸುತ್ತೋಲೆ ಕಳುಹಿಸಿತ್ತು. ಅದನ್ನು ಉಲ್ಲೇಖಿಸಿ ಒಂದು ಪುಟದ ಪತ್ರ ಬರೆದಳು. ಪೊಲೀಸ್ ಠಾಣೆಯಿಂದ ಯುಡಿಆರ್ ಪ್ರತಿ, ಮರಣೋತ್ತರ ಪರೀಕ್ಷೆಯ ವರದಿ, ಮರಣ ಪ್ರಮಾಣಪತ್ರ ಸೇರಿಸಿದಳು. ಐದು ತಿಂಗಳ ನಂತರ ಹಣ ಖಾತೆಗೆ ಬಂತು. ವಕೀಲರ ಶುಲ್ಕ, ಕೋರ್ಟು, ದಲ್ಲಾಳಿ, ಯಾವುದೂ ಬೇಕಾಗಲಿಲ್ಲ. ಓದಲು ಬರುವ, ಕೇಳಲು ಹೆದರದ ಒಬ್ಬರು ಬೇಕಾಗಿದ್ದರು, ಅಷ್ಟೆ.

ಈ ಘಟನೆಯ ನಂತರ ನಮ್ಮನ್ನು ಕಾಡುತ್ತಿರುವ ಪ್ರಶ್ನೆಯನ್ನು ಓದುಗರ ಮುಂದಿಡಲು ಬಯಸುತ್ತೇವೆ. ನಮ್ಮ ಕರಾವಳಿಯ ಕಾನೂನು ಕಾಲೇಜುಗಳಲ್ಲಿ ಪ್ರತಿ ವರ್ಷ ನೂರಾರು ವಿದ್ಯಾರ್ಥಿಗಳು ಕಡ್ಡಾಯ ಇಂಟರ್ನ್‌ಶಿಪ್ ಮಾಡುತ್ತಾರೆ. ನಮ್ಮ ಚರ್ಚ್‌ಗಳ ವ್ಯಾಪ್ತಿಯಲ್ಲಿ ಸಾವು ಮತ್ತು ಅಂಗವೈಕಲ್ಯದ ಪರಿಹಾರ ಸಿಗದೆ ಕುಳಿತಿರುವ ಕುಟುಂಬಗಳು ಇವೆ. ಇವರಿಬ್ಬರೂ ಪರಸ್ಪರ ಭೇಟಿಯಾಗುವುದೇ ಇಲ್ಲ. ಏಕೆ?

ಯೋಜನೆಗಳಿಗೆ ಕೊರತೆ ಇಲ್ಲ

"ಬಡವರಿಗೆ ಸರಕಾರ ಏನೂ ಕೊಡುವುದಿಲ್ಲ" ಎಂಬ ಮಾತನ್ನು ನಾವು ಆಗಾಗ ಕೇಳುತ್ತೇವೆ. ಕಾಗದದ ಮೇಲೆ ನೋಡಿದರೆ ಅದು ಪೂರ್ತಿ ಸರಿಯಲ್ಲ.

ಸುರಕ್ಷಾ ಬಿಮಾ ಯೋಜನೆ 2015ರಲ್ಲಿ ಆರಂಭವಾಯಿತು. 18ರಿಂದ 70 ವರ್ಷದೊಳಗಿನ, ಬ್ಯಾಂಕ್ ಖಾತೆ ಇರುವ ಯಾರೂ ಸೇರಬಹುದು. 2022ರ ಜೂನ್‌ನಿಂದ ಅದರ ವಾರ್ಷಿಕ ಕಂತು 20 ರೂಪಾಯಿ. ಅಪಘಾತದಿಂದ ಮರಣವಾದರೆ ಅಥವಾ ಪೂರ್ಣ ಅಂಗವೈಕಲ್ಯ ಉಂಟಾದರೆ 2 ಲಕ್ಷ, ಭಾಗಶಃ ಶಾಶ್ವತ ಅಂಗವೈಕಲ್ಯಕ್ಕೆ 1 ಲಕ್ಷ. ಜೀವನ ಜ್ಯೋತಿ ಬಿಮಾ ಯೋಜನೆಯಲ್ಲಿ ವರ್ಷಕ್ಕೆ 436 ರೂಪಾಯಿ ಕಟ್ಟಿದವರ ಮರಣ ಯಾವ ಕಾರಣದಿಂದಾದರೂ 2 ಲಕ್ಷ. 50 ವರ್ಷದೊಳಗೆ ಸೇರಿದವರಿಗೆ 55 ವರ್ಷದವರೆಗೆ ರಕ್ಷಣೆ ಇದೆ. ಮತ್ಸ್ಯ ಸಂಪದ ಯೋಜನೆಯ ಅಡಿ ಮೀನುಗಾರರ ಗುಂಪು ಅಪಘಾತ ವಿಮೆಯಲ್ಲಿ ಮರಣ ಅಥವಾ ಪೂರ್ಣ ಅಂಗವೈಕಲ್ಯಕ್ಕೆ 5 ಲಕ್ಷ, ಭಾಗಶಃ ಶಾಶ್ವತ ಅಂಗವೈಕಲ್ಯಕ್ಕೆ ಎರಡೂವರೆ ಲಕ್ಷ. ಭವಿಷ್ಯನಿಧಿಗೆ ಸೇರಿದ ಕಾರ್ಮಿಕ ಕೆಲಸದಲ್ಲಿರುವಾಗ ತೀರಿಕೊಂಡರೆ ಅವರ ಕುಟುಂಬಕ್ಕೆ ಠೇವಣಿ ಜೋಡಿತ ವಿಮೆಯಿಂದ ಗರಿಷ್ಠ 7 ಲಕ್ಷ. ಬಡತನ ರೇಖೆಗಿಂತ ಕೆಳಗಿನ ಕುಟುಂಬದಲ್ಲಿ 18ರಿಂದ 59 ವರ್ಷದೊಳಗಿನ ದುಡಿಯುವ ವ್ಯಕ್ತಿ ತೀರಿಕೊಂಡರೆ ರಾಷ್ಟ್ರೀಯ ಕುಟುಂಬ ಸಹಾಯ ಯೋಜನೆಯಿಂದ 20 ಸಾವಿರ. ಢಿಕ್ಕಿ ಹೊಡೆದು ಪರಾರಿಯಾದ ವಾಹನದಿಂದ ಸಾವು ಸಂಭವಿಸಿದ್ದರೆ, 2022ರ ಏಪ್ರಿಲ್‌ನಿಂದ 2 ಲಕ್ಷ ಪರಿಹಾರವಿದೆ. ಇವುಗಳ ಜೊತೆ ವಿಧವಾ ವೇತನ, ಅಂಗವಿಕಲರ ವೇತನ, ಕಟ್ಟಡ ಕಾರ್ಮಿಕರ ಮಂಡಳಿಯ ನೆರವು ಇದೆ.

ಈ ಮೊತ್ತಗಳಲ್ಲಿ ಕೆಲವು ನಾಚಿಕೆಪಡುವಷ್ಟು ಸಣ್ಣವು ಎಂಬುದನ್ನೂ ಹೇಳಬೇಕು. ಕೇಂದ್ರ ಸರಕಾರದ ಇಂದಿರಾ ಗಾಂಧಿ ಅಂಗವಿಕಲರ ಪಿಂಚಣಿಗೆ ಶೇಕಡಾ 80ರಷ್ಟು ವೈಕಲ್ಯ ಇರಬೇಕು; 2012ರಲ್ಲಿ ಅದರ ಕೇಂದ್ರ ಪಾಲನ್ನು ತಿಂಗಳಿಗೆ 300 ರೂಪಾಯಿಗೆ ಏರಿಸಲಾಯಿತು, ಆ ಬಳಿಕ ಅದು ಅಲ್ಲೇ ನಿಂತಿದೆ. ರಾಜ್ಯ ಸರಕಾರದ ಪಾಲು ಸೇರಿದರೂ ಒಂದು ಮನೆ ನಡೆಯುವಷ್ಟಲ್ಲ. ಆದರೆ ಇಂದಿನ ನಮ್ಮ ಚರ್ಚೆ ಮೊತ್ತದ ಬಗ್ಗೆ ಅಲ್ಲ, ಇರುವಷ್ಟಾದರೂ ಮನೆಗೆ ಏಕೆ ತಲುಪುವುದಿಲ್ಲ ಎಂಬುದರ ಬಗ್ಗೆ.

ಕ್ಲೇಮ್ ಎಲ್ಲಿ ಸಾಯುತ್ತದೆ?

ನಮ್ಮ ಕಚೇರಿಗೆ ಬಂದ ಕಾಗದಗಳನ್ನು ನೋಡಿದಾಗ ನಾಲ್ಕು ಕಾರಣಗಳು ಮತ್ತೆ ಮತ್ತೆ ಕಾಣುತ್ತವೆ.

ಮೊದಲನೆಯದು, ಗೊತ್ತೇ ಇಲ್ಲದಿರುವುದು. ಬ್ಯಾಂಕಿನ ಯಾವುದೋ ಅರ್ಜಿಯಲ್ಲಿ ಸಹಿ ಹಾಕಿದಾಗ ವಿಮೆಗೂ ಸಹಿ ಹಾಕಿದ್ದೇವೆ ಎಂಬುದು ಗಂಡನಿಗೇ ಸರಿಯಾಗಿ ಗೊತ್ತಿರುವುದಿಲ್ಲ, ಹೆಂಡತಿಗೆ ಹೇಗೆ ಗೊತ್ತಾಗಬೇಕು?

ಎರಡನೆಯದು, ಹೆಸರಿನ ತೊಡಕು. ನಮ್ಮ ಸಮುದಾಯದಲ್ಲಿ ಇದು ಹೆಚ್ಚು. ಜ್ಞಾನಸ್ನಾನದ ದಾಖಲೆಯಲ್ಲಿ ಒಂದು ಹೆಸರು, ಮನೆಯಲ್ಲಿ ಕರೆಯುವುದು ಇನ್ನೊಂದು, ಆಧಾರ್‌ನಲ್ಲಿ ಕುಲನಾಮ ಬಿಟ್ಟುಹೋಗಿರುತ್ತದೆ, ಪಡಿತರ ಚೀಟಿಯಲ್ಲಿ "ಡಿಸೋಜ" ಎಂಬುದಕ್ಕೆ ಬೇರೆಯೇ ಅಕ್ಷರಗಳು. ಬದುಕಿದ್ದಾಗ ಯಾರೂ ಕೇಳದ ಈ ವ್ಯತ್ಯಾಸವನ್ನು ಸತ್ತ ಮೇಲೆ ಎಲ್ಲರೂ ಕೇಳುತ್ತಾರೆ.

ಮೂರನೆಯದು, ಅಂದೇ ಮಾಡಿಸಬೇಕಾದ ಕಾಗದ ಮಾಡಿಸದೇ ಇರುವುದು. ಮನೆಯ ಹಿಂದಿನ ತೆಂಗಿನ ಮರದಿಂದ ಬಿದ್ದು ಸತ್ತವರನ್ನು "ಪೋಸ್ಟ್ ಮಾರ್ಟಮ್ ಬೇಡ, ದೇಹ ಕೊಯ್ಯುವುದು ಬೇಡ" ಎಂದು ಪೊಲೀಸರಿಗೂ ತಿಳಿಸದೆ ಮಣ್ಣು ಮಾಡಿದ ಉದಾಹರಣೆಗಳಿವೆ. ದುಃಖದಲ್ಲಿ ಹಾಗೆ ಅನ್ನಿಸುವುದು ಸಹಜ. ಆದರೆ ಆ ವರದಿ ಇಲ್ಲದೆ ಅದು ಅಪಘಾತ ಎಂದು ಆಮೇಲೆ ಸಾಬೀತು ಮಾಡುವುದು ಬಹಳ ಕಷ್ಟ.

ನಾಲ್ಕನೆಯದು, ತಿರಸ್ಕಾರವಾದರೆ ಮುಂದೇನು ಎಂದು ತಿಳಿಯದಿರುವುದು. "ಆಗುವುದಿಲ್ಲ" ಎಂದು ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಹೇಳಿದರೆ ನಮ್ಮ ಜನ ಎದ್ದು ಬರುತ್ತಾರೆ. ಅದನ್ನು ಬರವಣಿಗೆಯಲ್ಲಿ ಕೊಡಿ ಎಂದು ಕೇಳುವುದಿಲ್ಲ. ಬರವಣಿಗೆಯಲ್ಲಿ ಉತ್ತರವಿದ್ದರೆ ಮೇಲ್ಮನವಿಗೆ ದಾರಿ ಇದೆ. ವಿಮೆಯ ವಿಷಯದಲ್ಲಿ ಸಂಸ್ಥೆ ತಿರಸ್ಕರಿಸಿದ ಒಂದು ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಕೊಡಬಹುದು, ವಕೀಲರನ್ನು ಇಡಬೇಕಾಗಿಲ್ಲ. ನಾಡ ಕಚೇರಿಯ ಅರ್ಜಿಗಳಿಗೆ ರಾಜ್ಯದ 2011ರ ಸಕಾಲ ಕಾಯ್ದೆಯಂತೆ ಸ್ವೀಕೃತಿ ಸಂಖ್ಯೆಯೂ ಗಡುವೂ ಇವೆ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ. ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. 30 ದಿನಗಳಲ್ಲಿ ಉತ್ತರ ಬರಬೇಕು.

ಸಮುದ್ರದಲ್ಲಿ ಕಾಣೆಯಾದವರ ಕುಟುಂಬಗಳದ್ದು ಇನ್ನೂ ಕಠಿಣ ಸ್ಥಿತಿ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟು ಏಳು ಮೀನುಗಾರರೊಂದಿಗೆ ಕಾಣೆಯಾದುದನ್ನು ಕರಾವಳಿ ಮರೆತಿಲ್ಲ. ಬೋಟಿನ ಅವಶೇಷ 2019ರಲ್ಲಿ ಮಹಾರಾಷ್ಟ್ರದ ಕರಾವಳಿಯ ಆಚೆ ಪತ್ತೆಯಾಯಿತು. ದೇಹ ಸಿಗದಿದ್ದರೆ ಮರಣ ಪ್ರಮಾಣಪತ್ರ ಸುಲಭವಾಗಿ ಸಿಗುವುದಿಲ್ಲ. ಏಳು ವರ್ಷ ಸುದ್ದಿ ಇಲ್ಲದವರನ್ನು ಮೃತರೆಂದು ಭಾವಿಸಬಹುದು ಎನ್ನುತ್ತದೆ ಸಾಕ್ಷ್ಯ ಕಾನೂನು. ಏಳು ವರ್ಷ ಆ ಮನೆಯ ಒಲೆ ಉರಿಯುವುದು ಹೇಗೆ? 2017ರ ಓಖಿ ಚಂಡಮಾರುತದ ನಂತರ ಕೇರಳ ಸರಕಾರ ಏಳು ವರ್ಷ ಕಾಯದೆ ಕಾಣೆಯಾದವರ ಕುಟುಂಬಗಳಿಗೂ ನೆರವು ನೀಡುವ ದಾರಿ ಹುಡುಕಿತು. ದೊಡ್ಡ ದುರಂತವಾದರೆ ಸರಕಾರ ದಾರಿ ಹುಡುಕುತ್ತದೆ. ಒಬ್ಬನೇ ನಾಡದೋಣಿಯವನು ಕಾಣೆಯಾದರೆ ಅವನ ಮನೆಯವರೇ ದಾರಿ ಹುಡುಕಬೇಕು.

ಒಂದು ಛಾಪಾ ಕಾಗದದ ಕಥೆ

ಇನ್ನೊಂದು ಘಟನೆಯನ್ನು ಹೇಳದಿದ್ದರೆ ಈ ಬರಹ ಪ್ರಾಮಾಣಿಕವಾಗುವುದಿಲ್ಲ.

2022ರ ಫೆಬ್ರವರಿಯಲ್ಲಿ 40 ವರ್ಷದ ಒಬ್ಬ ಕಟ್ಟಡ ಕಾರ್ಮಿಕ ಮೂರನೇ ಮಹಡಿಯಿಂದ ಬಿದ್ದು ಮೃತಪಟ್ಟರು. ಅಂತ್ಯಕ್ರಿಯೆಯ ಪೂಜೆಯನ್ನು ನಾವೇ ಅರ್ಪಿಸಿದೆವು. ಏಳನೇ ದಿನದ ಪ್ರಾರ್ಥನೆಗೂ ಆ ಮನೆಗೆ ಹೋದೆವು. ಕೆಲಸ ಕೊಟ್ಟ ಗುತ್ತಿಗೆದಾರ ಬಂದು 50 ಸಾವಿರ ರೂಪಾಯಿ ಕೊಟ್ಟಿದ್ದಾರೆ ಎಂದು ಕೇಳಿ, "ಒಳ್ಳೆಯ ಮನುಷ್ಯ" ಎಂದು ನಾವೂ ಹೇಳಿದೆವು. ಹಣದ ಜೊತೆ ಒಂದು ಛಾಪಾ ಕಾಗದಕ್ಕೆ ಹೆಂಡತಿಯ ಸಹಿ ಪಡೆದಿದ್ದು ನಮಗೆ ಗೊತ್ತಾದದ್ದು 2024ರ ಕೊನೆಯಲ್ಲಿ. "ಇನ್ನು ಯಾವ ಹಕ್ಕೂ ಇಲ್ಲ" ಎಂದು ಅದರಲ್ಲಿ ಬರೆದಿತ್ತು.

ಕಾನೂನು ಏನು ಹೇಳುತ್ತಿತ್ತು? ಆಗ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯ್ದೆಯಂತೆ ಕೆಲಸದ ವೇಳೆ ಕಾರ್ಮಿಕ ಸತ್ತರೆ ಪರಿಹಾರವನ್ನು ಮಾಲೀಕ ಪರಿಹಾರ ಆಯುಕ್ತರ ಬಳಿ ಠೇವಣಿ ಇಡಬೇಕು. ನೇರವಾಗಿ ಮನೆಯವರ ಕೈಗೆ ಕೊಟ್ಟದ್ದನ್ನು ಪರಿಹಾರ ಎಂದು ಕಾನೂನು ಒಪ್ಪುವುದಿಲ್ಲ. ಹಕ್ಕು ಬಿಟ್ಟುಕೊಟ್ಟೆ ಎಂದು ಬರೆಸಿಕೊಂಡ ಕರಾರಿಗೂ ಬೆಲೆ ಇಲ್ಲ. ಇನ್ನು ಮೊತ್ತ: 2020ರ ಜನವರಿಯಿಂದ ಲೆಕ್ಕಕ್ಕೆ ಹಿಡಿಯುವ ಗರಿಷ್ಠ ಮಾಸಿಕ ವೇತನ 15,000 ರೂಪಾಯಿ. ಅದರ ಅರ್ಧ 7,500. 40 ವರ್ಷಕ್ಕೆ ಕೋಷ್ಟಕದಲ್ಲಿರುವ ಅಂಶ 184.17. ಗುಣಿಸಿದರೆ 13,81,275 ರೂಪಾಯಿ. ಒಂದು ತಿಂಗಳೊಳಗೆ ಕೊಡದಿದ್ದರೆ ಶೇಕಡಾ 12 ಬಡ್ಡಿ ಬೇರೆ.

ಅರ್ಜಿ ಹಾಕಲು ಎರಡು ವರ್ಷದ ಅವಧಿ. ಅವರು ಬಂದಾಗ ಎರಡು ವರ್ಷ ಒಂಬತ್ತು ತಿಂಗಳಾಗಿತ್ತು. ಸಕಾರಣವಿದ್ದರೆ ವಿಳಂಬವನ್ನು ಮನ್ನಿಸಬಹುದು ಎಂಬ ಅವಕಾಶ ಕಾಯ್ದೆಯಲ್ಲಿದೆ. ಉಚಿತ ಕಾನೂನು ನೆರವಿನ ವಕೀಲರ ಮೂಲಕ ಅರ್ಜಿ ಹಾಕಲಾಗಿದೆ. ಇನ್ನೂ ತೀರ್ಮಾನವಾಗಿಲ್ಲ. ಆಗುತ್ತದೆಯೇ ಎಂದು ಆ ತಾಯಿ ಪ್ರತಿ ಭಾನುವಾರ ಪೂಜೆಯ ನಂತರ ಕೇಳುತ್ತಾರೆ. ಏಳನೇ ದಿನದ ಪ್ರಾರ್ಥನೆಗೆ ಹೋದಾಗ ನಾವು ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು: "ಅಮ್ಮಾ, ಎಲ್ಲಿಗಾದರೂ ಸಹಿ ಹಾಕಿದ್ದೀರಾ?" ನಾವು ಕೇಳಲಿಲ್ಲ. ಸೆಮಿನರಿಯಲ್ಲಿ ನಮಗೆ ದೇವಶಾಸ್ತ್ರ ಕಲಿಸಿದರು, ಸಾಂತ್ವನ ಹೇಳುವುದನ್ನು ಕಲಿಸಿದರು. ಛಾಪಾ ಕಾಗದದ ಬಗ್ಗೆ ಯಾರೂ ಹೇಳಲಿಲ್ಲ.

2025ರ ನವೆಂಬರ್ 21ರಿಂದ ದೇಶದಲ್ಲಿ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದೆ. ನೌಕರರ ಪರಿಹಾರ, ಇಎಸ್‌ಐ, ಭವಿಷ್ಯನಿಧಿ, ಕಟ್ಟಡ ಕಾರ್ಮಿಕರ ಕಲ್ಯಾಣ ಇವೆಲ್ಲ ಈಗ ಒಂದೇ ಸಂಹಿತೆಯ ಕೆಳಗೆ. ಮನೆಯಿಂದ ಕೆಲಸಕ್ಕೆ ಹೋಗಿಬರುವ ದಾರಿಯ ಅಪಘಾತವೂ, ಕೆಲಸದೊಂದಿಗೆ ಸಂಬಂಧ ಇದೆ ಎಂದು ತೋರಿದರೆ, ಅದರಲ್ಲಿ ಸೇರುತ್ತದೆ. ಇದು ಒಳ್ಳೆಯದೇ. ಆದರೆ ಹಳೆಯ ಕಾನೂನನ್ನೇ ಕೇಳದವರಿಗೆ ಹೊಸದನ್ನು ಹೇಳುವವರು ಯಾರು? ಯಾವ ದಿನದ ಅಪಘಾತಕ್ಕೆ ಯಾವ ಕಾನೂನು ಎಂಬ ಗೊಂದಲ ಇನ್ನು ಕೆಲವು ವರ್ಷ ಇರುತ್ತದೆ. ತಿಳಿದವರ ಅಗತ್ಯ ಮೊದಲಿಗಿಂತ ಈಗಲೇ ಹೆಚ್ಚು.

ಇಂಟರ್ನ್‌ಶಿಪ್ ಎಲ್ಲಿಗೆ ಹೋಗುತ್ತಿದೆ?

ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳಂತೆ ಮೂರು ವರ್ಷಗಳ ಪದವಿಯ ವಿದ್ಯಾರ್ಥಿ ಒಟ್ಟು ಕನಿಷ್ಠ 12 ವಾರ, ಐದು ವರ್ಷಗಳ ಪದವಿಯ ವಿದ್ಯಾರ್ಥಿ 20 ವಾರ ಇಂಟರ್ನ್‌ಶಿಪ್ ಮಾಡಬೇಕು. ಒಂದು ವರ್ಷದಲ್ಲಿ ಸತತವಾಗಿ ನಾಲ್ಕು ವಾರ ಮೀರುವಂತಿಲ್ಲ. ವಕೀಲರ ಕಚೇರಿ, ನ್ಯಾಯಾಲಯ, ಕಂಪೆನಿಗಳ ಜೊತೆಗೆ ಸ್ವಯಂಸೇವಾ ಸಂಸ್ಥೆ ಮತ್ತು ಸ್ಥಳೀಯಾಡಳಿತ ಸಂಸ್ಥೆಗಳೂ ಆ ಪಟ್ಟಿಯಲ್ಲಿವೆ. ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ 1987ರಲ್ಲಿ ಬಂದು 1995ರ ನವೆಂಬರ್ 9ರಿಂದ ಜಾರಿಯಾಯಿತು. ಕಾನೂನು ಕಾಲೇಜುಗಳ ಕಾನೂನು ನೆರವು ಕೇಂದ್ರಗಳಿಗೆ ಮಾರ್ಗದರ್ಶನ ನೀಡುವುದು ಪ್ರಾಧಿಕಾರದ ಕರ್ತವ್ಯ ಎಂದು ಅದರಲ್ಲೇ ಇದೆ. 2011ರ ನಿಯಮಗಳು ಕಾಲೇಜುಗಳು ಹಳ್ಳಿಗಳನ್ನು ದತ್ತು ತೆಗೆದುಕೊಂಡು ಕೇಂದ್ರ ನಡೆಸಲು ಅವಕಾಶ ಕೊಟ್ಟಿವೆ. ಕಾನೂನು ವಿದ್ಯಾರ್ಥಿಗಳು ಅರೆಕಾನೂನು ಸ್ವಯಂಸೇವಕರಾಗಿಯೂ ಸೇರಬಹುದು.

ಅಂದರೆ ಬಾಗಿಲು ತೆರೆದೇ ಇದೆ. ಆದರೆ ನಮ್ಮ ಮನೆಗಳ ಮಕ್ಕಳು ಬೆಂಗಳೂರು, ಮುಂಬೈಯ ದೊಡ್ಡ ಸಂಸ್ಥೆಗಳತ್ತ ನೋಡುತ್ತಾರೆ. ಅವರನ್ನು ದೂರುವಂತಿಲ್ಲ. ಕೆಲಸ ಸಿಗಬೇಕಾದರೆ ದೊಡ್ಡ ಹೆಸರು ಬೇಕು ಎಂದು ಅವರಿಗೆ ಹೇಳಿಕೊಟ್ಟವರು ನಾವೇ. ಇನ್ನು ಕೆಲವರು ಊರಿನ ವಕೀಲರ ಕಚೇರಿಯಲ್ಲಿ ಕೂತು, ಯಾರೂ ಕೆಲಸ ಹೇಳದೆ, ನಾಲ್ಕನೇ ವಾರಕ್ಕೆ ಪ್ರಮಾಣಪತ್ರ ಪಡೆದು ಬರುತ್ತಾರೆ. ಒಂದು ವಿಧವೆಯ ಕಡತವನ್ನು ಮೊದಲಿಂದ ಕೊನೆಯವರೆಗೆ ಸಿದ್ಧಪಡಿಸಿದ ವಿದ್ಯಾರ್ಥಿ ಕಲಿಯುವಷ್ಟು ಇವರು ಕಲಿಯುತ್ತಾರೆಯೇ? ಸಾಕ್ಷ್ಯ ಎಂದರೇನು, ಕಾಲಮಿತಿ ಎಂದರೇನು, ಸರಕಾರಿ ಕಚೇರಿ ನಡೆಯುವುದು ಹೇಗೆ ಎಂಬುದನ್ನು ಪುಸ್ತಕದಿಂದ ಓದುವುದು ಬೇರೆ, ನಾಡ ಕಚೇರಿಯ ಸರದಿಯಲ್ಲಿ ನಿಂತು ತಿಳಿಯುವುದು ಬೇರೆ.

ಹೊರದೇಶದ ಒಂದು ಉದಾಹರಣೆ ಇಲ್ಲಿ ಉಪಯುಕ್ತ. ಅಮೆರಿಕದಲ್ಲಿ ಮಾಜಿ ಸೈನಿಕರು ಅಂಗವೈಕಲ್ಯ ಪರಿಹಾರ ಕೇಳುವಾಗ, ಅರ್ಜಿದಾರರ ಲಿಖಿತ ಒಪ್ಪಿಗೆ ಇದ್ದರೆ, ವಕೀಲರ ಮೇಲ್ವಿಚಾರಣೆಯಲ್ಲಿ ಕಾನೂನು ವಿದ್ಯಾರ್ಥಿಗಳು ಆ ಕ್ಲೇಮಿನಲ್ಲಿ ನೆರವಾಗಬಹುದು ಎಂದು ಸರಕಾರದ ನಿಯಮವೇ ಇದೆ. ಕರ್ತವ್ಯದಲ್ಲಿ ಸಾಯುವ ಪೊಲೀಸರು, ಅಗ್ನಿಶಾಮಕ ಸಿಬ್ಬಂದಿಯ ಕುಟುಂಬಗಳಿಗಾಗಿ 1976ರಲ್ಲಿ ಅಲ್ಲಿ ಒಂದು ಕಾನೂನು ಬಂತು. ನ್ಯಾಯ ಇಲಾಖೆ ಅದನ್ನು ನಡೆಸುತ್ತದೆ. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ಅಗ್ನಿಶಾಮಕ ದಳದ ಚಾಪ್ಲಿನ್ ಆಗಿದ್ದ ಫ್ರಾನ್ಸಿಸ್ಕನ್ ಗುರು ಮೈಕಲ್ ಜಡ್ಜ್ ಅಲ್ಲೇ ಸತ್ತಾಗ ಒಂದು ಲೋಪ ಎದ್ದು ಕಂಡಿತು: ಹೆಂಡತಿ, ಮಕ್ಕಳು, ತಂದೆತಾಯಿ ಯಾರೂ ಇಲ್ಲದವರ ಪರಿಹಾರ ಯಾರಿಗೆ? 2002ರಲ್ಲಿ ಅವರದೇ ಹೆಸರಿನ ತಿದ್ದುಪಡಿ ಬಂತು. ಚಾಪ್ಲಿನ್‌ಗಳನ್ನು ಸ್ಪಷ್ಟವಾಗಿ ಸೇರಿಸಲಾಯಿತು, ಜೀವವಿಮೆಯಲ್ಲಿ ಹೆಸರಿಸಿದವರಿಗೂ ಪರಿಹಾರ ಸಿಗುವಂತಾಯಿತು. ಒಂದು ಕಡತವನ್ನು ಗಮನವಿಟ್ಟು ಓದಿದಾಗ ಕಾನೂನಿನ ತೂತು ಕಾಣುತ್ತದೆ, ಕಂಡರೆ ಮುಚ್ಚಲೂಬಹುದು ಎಂಬುದಕ್ಕೆ ಇದು ಸಾಕ್ಷಿ.

ವಿದ್ಯಾರ್ಥಿ ಮಾಡಬಹುದಾದದ್ದು, ಮಾಡಬಾರದ್ದು

ಇಲ್ಲಿ ಸ್ಪಷ್ಟತೆ ಬೇಕು. ವಿದ್ಯಾರ್ಥಿ ವಕೀಲನಲ್ಲ. ಕೋರ್ಟಿನಲ್ಲಿ ವಾದಿಸುವಂತಿಲ್ಲ, ಹಣ ಪಡೆಯುವಂತಿಲ್ಲ, "ನಿಮಗೆ ಖಂಡಿತ ಹತ್ತು ಲಕ್ಷ ಬರುತ್ತದೆ" ಎಂದು ಭರವಸೆ ಕೊಡುವಂತಿಲ್ಲ. ಸುಳ್ಳು ಭರವಸೆ ಕೊಡುವುದಕ್ಕಿಂತ ಏನೂ ಮಾಡದಿರುವುದೇ ಮೇಲು.

ಮಾಡಬಹುದಾದದ್ದು ಬಹಳ ಇದೆ. ಮನೆಗೆ ಹೋಗಿ ಪಾಸ್‌ಬುಕ್, ಭವಿಷ್ಯನಿಧಿ ಸಂಖ್ಯೆ, ಕಾರ್ಮಿಕ ಕಾರ್ಡು ಹುಡುಕುವುದು. ಯಾವ ಯೋಜನೆಗೆ ಅರ್ಹರು ಎಂದು ಪಟ್ಟಿ ಮಾಡುವುದು. ಹೆಸರಿನ ವ್ಯತ್ಯಾಸ ಸರಿಪಡಿಸಲು ಅಫಿದವಿತ್ ಕರಡು ಬರೆಯುವುದು. ವಿಕಲಚೇತನರ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿ ವೈದ್ಯಕೀಯ ಪರೀಕ್ಷೆಗೆ ಜೊತೆಯಲ್ಲಿ ಹೋಗುವುದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಮಾನಸಿಕ ಕಾಯಿಲೆ, ಪಾರ್ಕಿನ್ಸನ್ಸ್, ಹಿಮೋಫಿಲಿಯಾ ಕೂಡ ಅದರಲ್ಲಿವೆ ಎಂಬುದು ನಮ್ಮ ಎಷ್ಟು ಮನೆಗಳಿಗೆ ಗೊತ್ತು? ಕಣ್ಣು, ಕೈಕಾಲು ಮಾತ್ರ ಅಂಗವಿಕಲತೆ ಎಂದು ತಿಳಿದು ಮನೆಯೊಳಗೆ ಕೂತವರು ಎಷ್ಟು ಮಂದಿ?

ಕೋರ್ಟಿಗೆ ಹೋಗಬೇಕಾದ ಪ್ರಕರಣವಾದರೆ ವಿದ್ಯಾರ್ಥಿ ಅದನ್ನು ಮಂಗಳೂರು ಅಥವಾ ಉಡುಪಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಒಪ್ಪಿಸಬೇಕು. ಮಹಿಳೆಯರು, ಮಕ್ಕಳು, ವಿಕಲಚೇತನರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕೈಗಾರಿಕಾ ಕಾರ್ಮಿಕರು ಆದಾಯ ಎಷ್ಟೇ ಇರಲಿ ಉಚಿತ ವಕೀಲರನ್ನು ಪಡೆಯಬಹುದು. 15100 ಎಂಬ ಸಹಾಯವಾಣಿಯೂ ಇದೆ.

ತೊಡಕುಗಳು

ಈ ಯೋಚನೆಯಲ್ಲಿ ತೊಡಕುಗಳಿಲ್ಲ ಎಂದು ನಾವು ಹೇಳುವುದಿಲ್ಲ. ದೊಡ್ಡ ತೊಡಕು ಸಮಯದ್ದು. ಇಂಟರ್ನ್‌ಶಿಪ್ ನಾಲ್ಕು ವಾರ, ಕ್ಲೇಮ್ ಎಂಟು ತಿಂಗಳು. ಹುಡುಗ ಕಡತ ತೆರೆದು ಹೋದರೆ ಅದನ್ನು ಮುಂದಕ್ಕೆ ಒಯ್ಯುವವರು ಯಾರು? ಆದ್ದರಿಂದ ಕಡತ ವಿದ್ಯಾರ್ಥಿಯದ್ದಾಗಿರಬಾರದು, ಚರ್ಚ್ ಕಚೇರಿಯದ್ದಾಗಿರಬೇಕು. ಪ್ರತಿ ಕಡತದ ಮೊದಲ ಪುಟದಲ್ಲಿ ಮೂರು ಸಾಲು ಸಾಕು: ಏನು ಆಗಿದೆ, ಮುಂದೇನು, ಕೊನೆಯ ದಿನ ಯಾವುದು. ಮುಂದಿನ ವಿದ್ಯಾರ್ಥಿ ಅಲ್ಲಿಂದ ಶುರು ಮಾಡುತ್ತಾನೆ. ಸತ್ತವರಿಗೂ ಹುಟ್ಟಿದವರಿಗೂ ನೂರು ವರ್ಷಗಳ ದಾಖಲೆ ಪುಸ್ತಕ ಕಾಪಾಡಿಕೊಂಡು ಬಂದ ಕಚೇರಿಗಳಿಗೆ ಇದು ದೊಡ್ಡ ವಿಷಯವಲ್ಲ.

ಎರಡನೆಯದು ಗೌಪ್ಯತೆ. ಆಧಾರ್, ಪಾಸ್‌ಬುಕ್‌ಗಳ ಫೋಟೋವನ್ನು ವಾಟ್ಸಾಪ್ ಗುಂಪಿಗೆ ಹಾಕುವ ಅಭ್ಯಾಸ ನಮ್ಮಲ್ಲಿದೆ. ಇದು ನಿಲ್ಲಬೇಕು. ಯಾರ ಮನೆಗೆ ಎಷ್ಟು ಹಣ ಬಂತು ಎಂಬುದು ವಾಳೆಯ ಮಾತಾಗಬಾರದು. ಹಣ ಬಂದ ಸುದ್ದಿ ಕೇಳಿ ಸಾಲಗಾರರೂ ನೆಂಟರೂ ಬಾಗಿಲಿಗೆ ಬಂದ ಉದಾಹರಣೆ ನಮಗೆ ಗೊತ್ತಿದೆ.

ಮೂರನೆಯದು ಮೇಲ್ವಿಚಾರಣೆ. ವಿದ್ಯಾರ್ಥಿ ಬರೆದ ಪ್ರತಿ ಪತ್ರವನ್ನೂ ಒಬ್ಬ ವಕೀಲರು ಓದಬೇಕು. ನಮ್ಮ ಚರ್ಚ್‌ಗಳಲ್ಲಿ ವಕೀಲರಿದ್ದಾರೆ, ನಿವೃತ್ತ ಬ್ಯಾಂಕ್ ಅಧಿಕಾರಿಗಳಿದ್ದಾರೆ, ತಾಲೂಕು ಕಚೇರಿಯಲ್ಲಿ ದುಡಿದು ನಿವೃತ್ತರಾದವರಿದ್ದಾರೆ. ಹಬ್ಬದ ಊಟದ ಸಮಿತಿಗೆ ಅವರನ್ನು ಕರೆಯುತ್ತೇವೆ. ಇದಕ್ಕೂ ಕರೆಯೋಣ. ತಿಂಗಳಿಗೆ ಎರಡು ಗಂಟೆ ಕೇಳಿದರೆ ಯಾರೂ ಇಲ್ಲ ಎನ್ನಲಾರರು.

"ಇದು ಸರಕಾರದ ಕೆಲಸ, ಚರ್ಚ್ ಏಕೆ ಮಾಡಬೇಕು?" ಎಂದು ಕೇಳುವವರೂ ಇದ್ದಾರೆ. ಹೌದು, ಇದು ಸರಕಾರದ ಕೆಲಸ. ನಾವು ಸರಕಾರದ ಬದಲಿಗೆ ನಿಲ್ಲಬೇಕಾಗಿಲ್ಲ. ಕಚೇರಿಯ ಬಾಗಿಲವರೆಗೆ ಜೊತೆಯಲ್ಲಿ ನಡೆದರೆ ಸಾಕು. ಹಾಗೆ ನಡೆಯುವಾಗ ಅರ್ಜಿದಾರರ ಮತ ಯಾವುದು ಎಂದು ಕೇಳಬಾರದು. ಅದೇ ಬೋಟಿನಲ್ಲಿ ಮೊಗವೀರರೂ ಬ್ಯಾರಿಗಳೂ ನಮ್ಮವರೂ ದುಡಿಯುತ್ತಾರೆ. ಅಲೆ ಯಾರನ್ನೂ ಕೇಳಿ ಬರುವುದಿಲ್ಲ.

ನಮ್ಮ ಸಲಹೆ

ಚರ್ಚ್ ಪಾಲನಾ ಮಂಡಳಿಗಳ ಮುಂದೆ ನಾವು ನಾಲ್ಕು ವಿಷಯ ಇಡುತ್ತೇವೆ. ಒಂದು, ಹತ್ತಿರದ ಕಾನೂನು ಕಾಲೇಜಿನ ಪ್ರಾಂಶುಪಾಲರನ್ನು ಭೇಟಿಯಾಗಿ, ಅವರ ಕಾನೂನು ನೆರವು ಕೇಂದ್ರದ ಮೂಲಕ ವರ್ಷಕ್ಕೆ ಇಬ್ಬರು ವಿದ್ಯಾರ್ಥಿಗಳನ್ನು ಕೇಳಿ. ಪ್ರಮಾಣಪತ್ರವೂ ಬಸ್ಸಿನ ಖರ್ಚೂ ಅವರಿಗೆ ಸಿಗಬೇಕು. ಬಡ ಮನೆಯ ವಿದ್ಯಾರ್ಥಿಗೆ ಪುಕ್ಕಟೆ ದುಡಿಯಲು ಹೇಳುವುದು ನ್ಯಾಯವಲ್ಲ. ಎರಡು, ಪ್ರತಿ ವಾಳೆಯ ಗುರಿಕಾರರು ಕಳೆದ ಮೂರು ವರ್ಷಗಳಲ್ಲಿ ತಮ್ಮ ವಾಳೆಯಲ್ಲಿ 60 ವರ್ಷಕ್ಕಿಂತ ಕಡಿಮೆ ವಯಸ್ಸಿನಲ್ಲಿ ತೀರಿಕೊಂಡವರ ಮತ್ತು ಅಪಘಾತದಲ್ಲಿ ಅಂಗವಿಕಲರಾದವರ ಪಟ್ಟಿ ಮಾಡಲಿ. ಮೂರು, ಸಾವಿನ ಮನೆಗೆ ಹೋಗುವ ಗುರುಗಳು, ಧರ್ಮಭಗಿನಿಯರು, ವಿನ್ಸೆಂಟ್ ದೆ ಪಾವ್ಲ್ ಸಭೆಯ ಸದಸ್ಯರು ಮೂರು ಮಾತು ಹೇಳಿ ಬರಲಿ: ಪೊಲೀಸರಿಗೆ ತಿಳಿಸಿ, ಪಾಸ್‌ಬುಕ್ ಜೋಪಾನ ಮಾಡಿ, ಓದದೆ ಸಹಿ ಹಾಕಬೇಡಿ. ನಾಲ್ಕು, ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ಪೂಜೆಯ ನಂತರ ವಿಮೆಯ ಕಂತಿನ ನೆನಪು ಮಾಡಿ. ಖಾತೆಯಲ್ಲಿ 20 ರೂಪಾಯಿ ಇಲ್ಲದ ಕಾರಣಕ್ಕೆ 2 ಲಕ್ಷ ತಪ್ಪಿಹೋಗಬಾರದು.

ವಿನ್ಸೆಂಟ್ ದೆ ಪಾವ್ಲ್ ಸಭೆ ನಮ್ಮ ಹೆಚ್ಚಿನ ಚರ್ಚ್‌ಗಳಲ್ಲಿದೆ. ಅದನ್ನು 1833ರಲ್ಲಿ ಪ್ಯಾರಿಸ್ಸಿನಲ್ಲಿ ಗೆಳೆಯರೊಡನೆ ಸೇರಿ ಕಟ್ಟಿದ ಫ್ರೆಡರಿಕ್ ಒಝನಾಮ್ ಆಗ 20 ವರ್ಷದ ಕಾನೂನು ವಿದ್ಯಾರ್ಥಿ. ಬಡವರ ಮನೆಗೆ ಹೋಗುವುದು ಹೇಗೆಂದು ಧರ್ಮಭಗಿನಿ ರೊಸಾಲಿ ರೆಂಡು ಅವರಿಗೆ ತೋರಿಸಿಕೊಟ್ಟರು. 1997ರಲ್ಲಿ ಪೋಪ್ ಎರಡನೇ ಜಾನ್ ಪೌಲ್ ಅವರನ್ನು ಪುನೀತರೆಂದು ಘೋಷಿಸಿದರು. ಕಾನೂನು ಓದುವ ಹುಡುಗರು ಬಡವರ ಮನೆ ಹತ್ತುವುದು ನಮ್ಮ ಸಭೆಗೆ ಹೊಸ ವಿಷಯವೇನಲ್ಲ. ನಾವು ಅದನ್ನು ಅಕ್ಕಿಯ ಪೊಟ್ಟಣಕ್ಕೆ ನಿಲ್ಲಿಸಿದ್ದೇವೆ, ಅಷ್ಟೆ. ಅಕ್ಕಿ ಬೇಕು. ಆದರೆ ಆ ಮನೆಗೆ ಬರಬೇಕಾದ 13 ಲಕ್ಷವನ್ನು ಕೇಳದೆ ತಿಂಗಳಿಗೆ ಐದು ಕಿಲೋ ಅಕ್ಕಿ ಕೊಟ್ಟು ಸಮಾಧಾನಪಟ್ಟುಕೊಳ್ಳುವುದು ಸರಿಯೇ?

ಪಾಸ್‌ಬುಕ್ ಓದಿದ ಆ ಹುಡುಗಿ ಈಗ ವಕೀಲೆಯಾಗಿದ್ದಾಳೆ. ಊರಿಗೆ ಬಂದಾಗಲೆಲ್ಲ ಕಚೇರಿಗೆ ಬಂದು, "ಫಾದರ್, ಹೊಸ ಚೀಲ ಏನಾದ್ರೂ ಉಂಟಾ?" ಎಂದು ಕೇಳುತ್ತಾಳೆ. ಉಂಟು. ಸದ್ಯ ಹನ್ನೊಂದು ಇವೆ. ಒಬ್ಬಳಿಂದ ಆಗುವ ಕೆಲಸವಲ್ಲ.